ಎರಡು ಟಚ್‌ಡೌನ್ ಹಿಡಿದವನು ಹೊರಗೆ ಉಳಿದದ್ದೇಕೆ?

ಅಮೆರಿಕದ ಡಲ್ಲಾಸ್ ಸಮೀಪದಿಂದ ಓದುಗರೊಬ್ಬರು ಬರೆದಿದ್ದಾರೆ: "ಎನ್‌ಎಫ್‌ಎಲ್‌ನ (ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್) ಪ್ರೀಸೀಸನ್ ಪಂದ್ಯಗಳನ್ನು, ಅಂದರೆ ಸೀಸನ್‌ಗೆ ಮುಂಚಿನ ತಯಾರಿ ಪಂದ್ಯಗಳನ್ನು, ಈ ಸಲ ಮಗನ ಜೊತೆ ಕೂತು ನೋಡಿದೆ. ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಲ್ಲಿ) ಯಾರೂ ಆರಿಸದ ಹುಡುಗನೊಬ್ಬ ಕೊನೆಯ ಪಂದ್ಯದಲ್ಲಿ ಎರಡು ಟಚ್‌ಡೌನ್ (ಚೆಂಡನ್ನು ಎದುರಾಳಿಯ ತುದಿಯ ಎಂಡ್ ಝೋನ್‌ಗೆ ಮುಟ್ಟಿಸಿ ಪಡೆಯುವ ಅಂಕ) ಹಿಡಿದ. ಮಂಗಳವಾರ ಅವನನ್ನು ಕೈಬಿಟ್ಟರು. ಅದೇ ಜಾಗಕ್ಕಿದ್ದ, ಒಂದೂ ಕ್ಯಾಚ್ ಹಿಡಿಯದ ಇನ್ನೊಬ್ಬ ಉಳಿದುಕೊಂಡ. ಮಗನಿಗೆ ತುಂಬಾ ಬೇಜಾರಾಗಿದೆ. ಈ ಕೋಚ್‌ಗಳು ಏನು ನೋಡಿ ಆರಿಸುತ್ತಾರೆ?"

ನಿಮ್ಮ ಮಗನಿಗೆ ಬೇಜಾರಾಗಿದ್ದು ಸರಿಯೇ. ಅವನು ನೋಡಿದ್ದು ಒಳ್ಳೆಯ ಆಟವೇ. ಆದರೆ ಟಿವಿ ಕ್ಯಾಮೆರಾ ಚೆಂಡು ಹೋದತ್ತ ಹೋಗುತ್ತದೆ. ಕೋಚ್‌ಗಳು ನೋಡುವ ವಿಡಿಯೊದಲ್ಲಿ ಮೈದಾನದ 22 ಆಟಗಾರರೂ ಪ್ರತಿ ಪ್ಲೇಯ (ಚೆಂಡು ಆಟಕ್ಕೆ ಬಂದು ನಿಲ್ಲುವವರೆಗಿನ ಒಂದು ಸರದಿ) ಮೊದಲಿಂದ ಕೊನೆವರೆಗೆ ಕಾಣುತ್ತಾರೆ, ಒಮ್ಮೆ ಪಕ್ಕದ ಎತ್ತರದಿಂದ, ಇನ್ನೊಮ್ಮೆ ಎಂಡ್ ಝೋನ್‌ನ ಹಿಂದಿನಿಂದ. ಪಂದ್ಯದ್ದಷ್ಟೇ ಅಲ್ಲ, ಜುಲೈ ಕೊನೆಯಿಂದ ನಡೆದ ಪ್ರತಿ ದಿನದ ಅಭ್ಯಾಸದ್ದೂ ಹೀಗೇ ಚಿತ್ರೀಕರಣವಾಗಿರುತ್ತದೆ. ಪ್ರೀಸೀಸನ್‌ನ ಮೂರು ಪಂದ್ಯ ಅದರ ಒಂದು ತುಣುಕು ಮಾತ್ರ.

ಮೊದಲು ಲೆಕ್ಕ ನೋಡೋಣ. ಶಿಬಿರಕ್ಕೆ ಒಂದು ತಂಡ 90 ಜನರವರೆಗೆ ಕರೆತರಬಹುದು. ಆಗಸ್ಟ್ ಕೊನೆಯ ವಾರದ ಮಂಗಳವಾರ ಸಂಜೆ 4ಕ್ಕೆ (ಪೂರ್ವ ಕರಾವಳಿ ಸಮಯ) ಪಟ್ಟಿ 53ಕ್ಕೆ ಇಳಿದಿರಬೇಕು. 2023ರಿಂದ ಈ ಕಡಿತ ಒಂದೇ ಸಲಕ್ಕೆ ಆಗುತ್ತಿದೆ. ತಂಡಕ್ಕೆ 37ರಂತೆ 32 ತಂಡಗಳಿಂದ ಸಾವಿರಕ್ಕೂ ಹೆಚ್ಚು ಜನ ಹೊರಗೆ. ಉಳಿಯುವ 53ರಲ್ಲಿ 40ಕ್ಕೂ ಹೆಚ್ಚು ಹೆಸರು ಶಿಬಿರ ಶುರುವಾಗುವ ಮೊದಲೇ ಹೆಚ್ಚುಕಡಿಮೆ ಗೊತ್ತಿರುತ್ತವೆ. ನಿಜವಾದ ಪೈಪೋಟಿ ಕೊನೆಯ ಎಂಟು, ಹತ್ತು ಜಾಗಕ್ಕೆ.

ಆ ಜಾಗಗಳ ಪ್ರಶ್ನೆ "ಯಾರು ಹೆಚ್ಚು ಪ್ರತಿಭಾವಂತ" ಎಂಬುದಲ್ಲ, "ಭಾನುವಾರ ಇವನಿಂದ ಯಾವ ಕೆಲಸ ಆಗುತ್ತದೆ" ಎಂಬುದು. ಪಂದ್ಯದ ದಿನ 53 ಜನರೂ ಸಮವಸ್ತ್ರ ತೊಡುವಂತಿಲ್ಲ. ಪ್ರಾಕ್ಟೀಸ್ ಸ್ಕ್ವಾಡ್‌ನಿಂದ (53ರ ಹೊರಗಿದ್ದು ತಂಡದ ಜೊತೆ ಅಭ್ಯಾಸ ಮಾಡುವವರ ಗುಂಪು) ಇಬ್ಬರನ್ನು ಮೇಲಕ್ಕೆ ತಂದರೂ ಆಡಲು ಅರ್ಹರು 48 ಮಂದಿ, ಅದೂ ಅವರಲ್ಲಿ 8 ಜನ ಆಫೆನ್ಸಿವ್ ಲೈನ್‌ನವರು (ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವವರು) ಇದ್ದರೆ, ಇಲ್ಲದಿದ್ದರೆ 47. ತಂಡಗಳು ಸಾಮಾನ್ಯವಾಗಿ ಐದಾರು ರಿಸೀವರ್‌ಗಳನ್ನು ಇಟ್ಟುಕೊಳ್ಳುತ್ತವೆ. ಚೆಂಡು ಹಿಡಿಯುವ ಕೆಲಸ ಮೊದಲ ಮೂವರು, ನಾಲ್ವರಲ್ಲೇ ಮುಗಿದುಹೋಗುತ್ತದೆ. ಐದನೆಯವನು ಮೈದಾನಕ್ಕೆ ಇಳಿಯಬೇಕಾದರೆ ಸ್ಪೆಷಲ್ ಟೀಮ್ಸ್‌ನಲ್ಲಿ, ಅಂದರೆ ಕಿಕ್‌ಆಫ್ (ಆಟ ಶುರುಮಾಡುವ ಒದೆತ) ಮತ್ತು ಪಂಟ್‌ಗಳಲ್ಲಿ (ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸುವುದು), ಕೆಲಸ ಮಾಡಬೇಕು. ನಿಮ್ಮ ಪತ್ರದ ಗುಟ್ಟು ಬಹುಪಾಲು ಇಲ್ಲೇ ಇದೆ ಎಂದು ನಮ್ಮ ಅಂದಾಜು: ಒಂದೂ ಕ್ಯಾಚ್ ಹಿಡಿಯದವನು ಪಂಟ್‌ನಲ್ಲಿ ಗನ್ನರ್ ಆಗಿ ಓಡಿರಬೇಕು.

ಗನ್ನರ್ ಎಂದರೆ ಪಂಟ್ ಮಾಡುವ ತಂಡದ ಎರಡು ತುದಿಗಳಲ್ಲಿ ನಿಲ್ಲುವವರು. ಚೆಂಡು ಒದೆಯುವ ಮೊದಲೇ ಮುಂದಕ್ಕೆ ಓಡಲು ಅನುಮತಿ ಇರುವುದು ಈ ಇಬ್ಬರಿಗೆ ಮಾತ್ರ. ಎದುರಿಗೆ ಒಬ್ಬ, ಕೆಲವೊಮ್ಮೆ ಇಬ್ಬರು ಅಡ್ಡ ನಿಂತಿರುತ್ತಾರೆ. ಅವರ ಕೈ ತಪ್ಪಿಸಿಕೊಂಡು, ಗೆರೆಯಾಚೆ ತಳ್ಳಿಸಿಕೊಳ್ಳದೆ, ಸುಮಾರು 40 ಗಜ ಓಡಿ, ಚೆಂಡು ಹಿಡಿಯುವವನ ಮುಂದೆ ವೇಗ ತಗ್ಗಿಸಿ ನಿಲ್ಲಬೇಕು. ಬಹಳ ಹುಡುಗರು ಸೋಲುವುದು ಆ ಕೊನೆಯ ಐದು ಗಜದಲ್ಲಿ. ಪೂರ್ತಿ ವೇಗದಲ್ಲೇ ನುಗ್ಗುತ್ತಾರೆ, ಎದುರಿಗಿದ್ದವನು ಒಂದು ಹೆಜ್ಜೆ ಪಕ್ಕಕ್ಕಿಟ್ಟು ತಪ್ಪಿಸಿಕೊಂಡು ಹೋಗುತ್ತಾನೆ.

ಕಿಕ್‌ಆಫ್ ನಿಯಮ 2024ರಲ್ಲಿ ಬದಲಾದದ್ದು ಈ ಕೊನೆಯ ಜಾಗಗಳ ಲೆಕ್ಕವನ್ನೇ ಅಲುಗಾಡಿಸಿತು. ಒದೆಯುವ ತಂಡದ ಹತ್ತು ಜನ ಈಗ ಎದುರಾಳಿಯ 40 ಗಜದ ಗೆರೆಯಲ್ಲಿ ನಿಲ್ಲುತ್ತಾರೆ. ಚೆಂಡು ನೆಲಕ್ಕೋ ಹಿಡಿಯುವವನಿಗೋ ತಾಗುವವರೆಗೆ ಕದಲುವಂತಿಲ್ಲ. ಮೊದಲಿನ ಉದ್ದ ಓಟ ಹೋಯಿತು. ಇಕ್ಕಟ್ಟಾದ ಜಾಗದಲ್ಲಿ ತಡೆಯನ್ನು ಕೈಯಿಂದ ಕಿತ್ತುಹಾಕಿ ಟ್ಯಾಕಲ್ ಮಾಡುವುದು ಮುಖ್ಯವಾಯಿತು. ಹಾಗಾಗಿ ಬರೀ ವೇಗವನ್ನೇ ನಂಬಿದ ಹಗುರ ಮೈಯವನಿಗಿಂತ ಗಟ್ಟಿ ಲೈನ್‌ಬ್ಯಾಕರ್‌ನ (ರಕ್ಷಣಾ ಸಾಲಿನ ಹಿಂದೆ ನಿಲ್ಲುವವನು) ಬೆಲೆ ಏರಿದೆ.

ಇನ್ನು ಅಂಕ ಹಾಕುವ ಬಗೆ. ಬಹುತೇಕ ಕಡೆ ಆಯಾ ವಿಭಾಗದ ಕೋಚ್ ಪ್ರತಿ ಸ್ನ್ಯಾಪ್‌ಗೂ, ಅಂದರೆ ಪ್ರತಿ ಪ್ಲೇಗೂ, ಪ್ಲಸ್ ಇಲ್ಲವೇ ಮೈನಸ್ ಬರೆಯುತ್ತಾನೆ. ವಹಿಸಿದ ಕೆಲಸ ಮಾಡಿದನೇ, ಕಾಲು ಮತ್ತು ಕೈ ಸರಿಯಿದ್ದವೇ, ಸೀಟಿ ಊದುವವರೆಗೆ ಓಡಿದನೇ, ಕೊನೆಗೆ ಏನಾಯಿತು. 60 ಸ್ನ್ಯಾಪ್ ಆಡಿ 54ರಲ್ಲಿ ಪ್ಲಸ್ ಪಡೆದ ಲೈನ್‌ಮನ್‌ಗೆ 90 ಶೇಕಡಾ. ಚೆನ್ನಾಗಿದೆ ಅನ್ನಿಸುತ್ತದೆ, ಆದರೆ ಉಳಿದ ಆರರಲ್ಲಿ ಎರಡು ಸಲ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಪೆಟ್ಟು ತಿಂದಿದ್ದರೆ ಆ 90ಕ್ಕೆ ಅರ್ಥವಿಲ್ಲ. ಕೈಯಲ್ಲಿ ಸೋತದ್ದಕ್ಕೆ ಕ್ಷಮೆಯುಂಟು, ತಲೆಯಲ್ಲಿ ಸೋತದ್ದಕ್ಕೆ ಕಡಿಮೆ. ಒಂದೇ ತಪ್ಪು ಎರಡನೇ ವಾರವೂ ಬಂದರೆ ಅವನ ಕಥೆ ಮುಗಿದಂತೆ.

ಆಫೆನ್ಸಿವ್ ಲೈನ್‌ನ ಒಬ್ಬ ಗಾರ್ಡ್‌ನನ್ನೇ ತೆಗೆದುಕೊಳ್ಳಿ. ಅವನೆದುರಿನ ರಕ್ಷಣಾ ಆಟಗಾರ (ಡಿಫೆನ್ಸಿವ್ ಟ್ಯಾಕಲ್) ಹೊರಕ್ಕೆ ನುಗ್ಗುತ್ತಾನೆ, ಹೊರಬದಿಯಲ್ಲಿದ್ದ ಇನ್ನೊಬ್ಬ ರಕ್ಷಣಾ ಆಟಗಾರ (ಎಂಡ್) ಅವನ ಹಿಂದಿನಿಂದ ಸುತ್ತಿ ಒಳಕ್ಕೆ ಬರುತ್ತಾನೆ. ಇದಕ್ಕೆ ಸ್ಟಂಟ್ ಎನ್ನುತ್ತಾರೆ. ಗಾರ್ಡ್ ತನ್ನವನನ್ನು ಪಕ್ಕದ ಜೊತೆಗಾರನ ಕೈಗೆ ಒಪ್ಪಿಸಿ, ತಾನು ಒಳಗೇ ಉಳಿದು, ಸುತ್ತಿ ಬರುವವನಿಗಾಗಿ ಕಾಯಬೇಕು. ಅನುಭವ ಸಾಲದವನು ತನ್ನವನನ್ನೇ ಅಟ್ಟಿಸಿಕೊಂಡು ಹೊರಕ್ಕೆ ಹೋಗುತ್ತಾನೆ, ನಡುವೆ ಬಾಗಿಲು ತೆರೆದಂತಾಗುತ್ತದೆ. ಕ್ವಾರ್ಟರ್‌ಬ್ಯಾಕ್ ಅಷ್ಟರಲ್ಲಿ ಚೆಂಡು ಎಸೆದುಬಿಟ್ಟಿದ್ದರೆ ಟಿವಿಯಲ್ಲಿ ಏನೂ ಆಗಿಲ್ಲ. ಕೋಚ್‌ನ ಹಾಳೆಯಲ್ಲಿ ಮೈನಸ್.

ಟಚ್‌ಡೌನ್‌ಗೂ ಇದೇ ಮಾತು. ರಿಸೀವರ್ 12 ಗಜ ಓಡಿ ಒಳಕ್ಕೆ ತಿರುಗಬೇಕಿತ್ತು, 10ಕ್ಕೇ ತಿರುಗಿದ ಎಂದಿಟ್ಟುಕೊಳ್ಳಿ. ಎದುರಾಳಿ ಎಡವಿದ, ಚೆಂಡು ಸಿಕ್ಕಿತು, ಅಂಕವೂ ಬಂತು. ಆದರೆ ಮುಖ್ಯ ಕ್ವಾರ್ಟರ್‌ಬ್ಯಾಕ್ ತನ್ನ ಹೆಜ್ಜೆಗಳನ್ನು ಆ 12 ಗಜಕ್ಕೆ ಹೊಂದಿಸಿ ಎಸೆಯುವವನು. ಅವನ ಜೊತೆ ಅದೇ ಪ್ಲೇ ಇಂಟರ್‌ಸೆಪ್ಷನ್ ಆಗಬಹುದು, ಅಂದರೆ ಚೆಂಡು ಎದುರಾಳಿಯ ಕೈ ಸೇರಬಹುದು. ಇದಕ್ಕೆ ತದ್ವಿರುದ್ಧವಾದದ್ದೂ ನಡೆಯುತ್ತದೆ: ಎದುರಾಳಿಯನ್ನು ಬಿಡಿಸಿಕೊಂಡು ಖಾಲಿ ನಿಂತವನ ಕಡೆ ಚೆಂಡೇ ಬಾರದಿದ್ದರೂ ಅವನಿಗೆ ಪ್ಲಸ್ ಸಿಗುತ್ತದೆ.

ಎದುರಿಗಿದ್ದವರು ಯಾರು ಎಂಬುದೂ ಅಷ್ಟೇ ಮುಖ್ಯ. ನಮ್ಮಲ್ಲಿ ಲೀಗ್ ಪಂದ್ಯದಲ್ಲಿ ಯಾರಾದರೂ ಶತಕ ಹೊಡೆದರೆ ಬೌಲಿಂಗ್ ಯಾರದ್ದು ಎಂದು ಕೇಳುತ್ತೇವಲ್ಲ, ಹಾಗೆ. ಪ್ರೀಸೀಸನ್ ಪಂದ್ಯದ ನಾಲ್ಕನೇ ಕ್ವಾರ್ಟರ್‌ನಲ್ಲಿ ಆಡುವ ಬಹುತೇಕರು ಮಂಗಳವಾರ ಕೆಲಸ ಕಳೆದುಕೊಳ್ಳುವವರೇ. ತಂಡಗಳು ತಮ್ಮ ನಿಜವಾದ ಯೋಜನೆಯನ್ನೂ ಆಗ ಬಚ್ಚಿಟ್ಟುಕೊಂಡಿರುತ್ತವೆ. ಅದಕ್ಕೇ ಎರಡು ತಂಡಗಳು ಸೇರಿ ನಡೆಸುವ ಜಂಟಿ ಅಭ್ಯಾಸಕ್ಕೆ ಅನೇಕ ಕೋಚ್‌ಗಳು ಪಂದ್ಯಕ್ಕಿಂತ ಹೆಚ್ಚು ತೂಕ ಕೊಡುತ್ತಾರೆ. ಅಲ್ಲಿ ಮೊದಲ ಸಾಲಿನವರ ಎದುರು ಮೊದಲ ಸಾಲಿನವರೇ ನಿಲ್ಲುತ್ತಾರೆ.

ಈ ಪದ್ಧತಿ ನಿರ್ದೋಷಿಯೆಂದು ನಾವು ಹೇಳುವುದಿಲ್ಲ. ದೊಡ್ಡ ದೋಷ ಅವಕಾಶದ ಹಂಚಿಕೆಯಲ್ಲಿದೆ. ಡ್ರಾಫ್ಟ್‌ನಲ್ಲಿ ಆರಿಸಿ ಹಣ ಹಾಕಿದವನಿಗೆ ಅಭ್ಯಾಸದಲ್ಲಿ ಹೆಚ್ಚು ಸರದಿ. ಆರಿಸದೆ ಬಂದವನಿಗೆ ದಿನಕ್ಕೆ ಬೆರಳೆಣಿಕೆಯಷ್ಟು. ಒಂದು ಸ್ನಾಯುಸೆಳೆತದಿಂದ ನಾಲ್ಕು ದಿನ ಹೊರಗೆ ಕೂತರೆ ಅವನನ್ನು ಅಳೆಯಲು ವಿಡಿಯೊವೇ ಇರುವುದಿಲ್ಲ. ಕೋಚ್‌ಗಳು ತಪ್ಪಿದ್ದೂ ಉಂಟು. ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್‌ನನ್ನು ಗ್ರೀನ್ ಬೇ ತಂಡ 1994ರ ಶಿಬಿರದಲ್ಲೇ ಕೈಬಿಟ್ಟಿತ್ತು. 1999ರ ಸೀಸನ್‌ನಲ್ಲಿ ಅವನೇ ಲೀಗ್‌ನ ಎಂವಿಪಿ (ಅತ್ಯಮೂಲ್ಯ ಆಟಗಾರ). ಡ್ರಾಫ್ಟ್ ಆಗದ ಜೇಮ್ಸ್ ಹ್ಯಾರಿಸನ್ ಹಲವು ಸಲ ಹೊರಬಿದ್ದು, 2008ರಲ್ಲಿ ವರ್ಷದ ಅತ್ಯುತ್ತಮ ಡಿಫೆನ್ಸ್ ಆಟಗಾರನಾದ. ಒಂದೇ ರಾತ್ರಿಯ ಆಟ ಕೆಲಸ ಮಾಡಿದ್ದೂ ಇದೆ: 2010ರಲ್ಲಿ ವಿಕ್ಟರ್ ಕ್ರೂಜ್ ನ್ಯೂಯಾರ್ಕ್ ಜೆಟ್ಸ್ ಎದುರಿನ ಪ್ರೀಸೀಸನ್ ಪಂದ್ಯದಲ್ಲಿ ಮೂರು ಟಚ್‌ಡೌನ್ ಹಿಡಿದು ಜೈಂಟ್ಸ್ ತಂಡದಲ್ಲಿ ಉಳಿದ, ಮರುವರ್ಷ 1,536 ಗಜ ಗಳಿಸಿದ.

ಮಗನಿಗೆ ಹೇಳಬೇಕಾದ ಇನ್ನೊಂದು ಮಾತು: ಮಂಗಳವಾರದ ಪಟ್ಟಿ ಅಂತಿಮವಲ್ಲ. ನಾಲ್ಕು ಸೀಸನ್ ಪೂರೈಸದ ಆಟಗಾರನನ್ನು ಬಿಟ್ಟರೆ ಅವನು ವೇವರ್ಸ್‌ಗೆ ಹೋಗುತ್ತಾನೆ. ಬುಧವಾರ ಮಧ್ಯಾಹ್ನ 12ರೊಳಗೆ ಬೇರೆ ತಂಡಗಳು ಅವನನ್ನು ಕೇಳಬಹುದು, ಆದರೆ ಕೇಳಿದವರು ತಮ್ಮ 53ರಲ್ಲೇ ಜಾಗ ಕೊಡಬೇಕು. ಯಾರೂ ಕೇಳದಿದ್ದರೆ ಹಳೇ ತಂಡವೇ 16 ಜನರ ಪ್ರಾಕ್ಟೀಸ್ ಸ್ಕ್ವಾಡ್‌ಗೆ ಕರೆಯಬಹುದು. ಹಾಗಾಗಿ ಆಯ್ಕೆಯಲ್ಲಿ ಒಂದು ಲೆಕ್ಕಾಚಾರವೂ ಇದೆ: ಇಬ್ಬರು ಸರಿಸಮ ಇದ್ದರೆ, ಬೇರೆಯವರು ಎತ್ತಿಕೊಂಡು ಹೋಗುವ ಸಾಧ್ಯತೆ ಇರುವವನನ್ನು ಇಟ್ಟುಕೊಂಡು ಇನ್ನೊಬ್ಬನನ್ನು ಬಿಡುತ್ತಾರೆ. ಅನುಭವಿಗಳಿಗೆ ಆಗ ವೇವರ್ಸ್ ಅನ್ವಯಿಸುವುದಿಲ್ಲ. ಅಂಥವನನ್ನು ಮಾತಿನ ಒಪ್ಪಂದದ ಮೇಲೆ ಮಂಗಳವಾರ ಬಿಟ್ಟು, ಬುಧವಾರ ಗಾಯಾಳುವೊಬ್ಬನ ಹೆಸರು 53ರಿಂದ ತೆಗೆದು ಗಾಯಾಳುಗಳ ಪ್ರತ್ಯೇಕ ಪಟ್ಟಿಗೆ ಹೋದ ಮೇಲೆ ವಾಪಸು ಸೇರಿಸಿಕೊಳ್ಳುವುದೂ ಉಂಟು.

ಆ ಹುಡುಗನ ಹೆಸರನ್ನು ಪ್ರಾಕ್ಟೀಸ್ ಸ್ಕ್ವಾಡ್ ಪಟ್ಟಿಗಳಲ್ಲಿ ಹುಡುಕಿ ನೋಡಲು ಮಗನಿಗೆ ಹೇಳಿ. ಇದ್ದರೆ, ಸೀಸನ್‌ನಲ್ಲಿ ಮೂರು ಪಂದ್ಯಕ್ಕೆ ಅವನನ್ನು ಮೇಲಕ್ಕೆ ತರಲು ನಿಯಮ ಬಿಡುತ್ತದೆ. ಹಾಗೆ ಬಂದ ದಿನ, ಪಂಟ್‌ಗೆ ತಂಡ ಸಾಲುಗಟ್ಟಿದಾಗ ಎರಡು ತುದಿಗಳಲ್ಲಿ ಅವನ ನಂಬರ್ ಇದೆಯೇ ನೋಡಿ.