ಹಳ್ಳದ ಸೇತುವೆಯ ವಯಸ್ಸು: ಮೊದಲು ಕೆಳಗಿಳಿದು ನೋಡಿ

ಗಂಗಾವತಿ ಕಡೆಯ ನಿಮ್ಮೂರ ಹಳ್ಳದ ಕಲ್ಲಿನ ಸೇತುವೆ ಕೃಷ್ಣದೇವರಾಯರ ಕಾಲದ್ದೇ ಎಂದು ಕೇಳಿದ್ದೀರಿ. ನಮ್ಮ ಕಡೆ ಹಳೇ ಕಲ್ಲು ಕಂಡರೆ ಸಾಕು, ರಾಯರ ಹೆಸರು ಹೇಳಿಬಿಡ್ತಾರೆ!

ನೀರಿಲ್ಲದಾಗ ಸೇತುವೆ ಕೆಳಗಿಳಿದು ನೋಡಿ. ಹಂಪಿಯ ವಿಠ್ಠಲ ದೇವಸ್ಥಾನದ ಹತ್ತಿರ ತುಂಗಭದ್ರೆಯಲ್ಲಿ ಪಾಳು ಸೇತುವೆಯ ಕಂಬಗಳು ಇನ್ನೂ ನಿಂತಿವೆಯಲ್ಲ, ಅದು ವಿಜಯನಗರದ ಪದ್ಧತಿ: ನೆಟ್ಟ ಕಂಬ, ಮೇಲೆ ಅಡ್ಡ ತೊಲೆ, ಅದರ ಮೇಲೆ ಚಪ್ಪಡಿ. ಕಮಾನಿಲ್ಲ. ನಿಮ್ಮದರಲ್ಲಿ ಗಾರೆ ಹಾಕಿ ಕಟ್ಟಿದ ಕಮಾನಿದ್ದರೆ ನಿಜಾಮರ ಕಾಲದ ರಸ್ತೆ ಕೆಲಸವಾಗಿರುವ ಸಾಧ್ಯತೆಯೇ ಹೆಚ್ಚು. ಕಲ್ಲಿನ ಅಂಚನ್ನೂ ಗಮನಿಸಿ. ಸಾಲಾಗಿ ಚೌಕ ಗುಳಿಗಳಿದ್ದರೆ ಉಳಿ ಹೊಡೆದು ಸೀಳಿದ್ದು. ಉದ್ದನೆಯ ದುಂಡು ಕೊಳವೆ ಗುರುತಿದ್ದರೆ ಮದ್ದಿಟ್ಟು ಒಡೆದದ್ದು, ಅಂದರೆ ಈಚಿನದು. ಆದರೆ ಹಾಳು ಗುಡಿಯ ಕಂಬ ತಂದು ಹೊಸ ಸೇತುವೆಗೆ ಹಾಕುವುದೂ ಇತ್ತು. ಒಂದೇ ಕಲ್ಲು ನೋಡಿ ತೀರ್ಮಾನಕ್ಕೆ ಬರಬೇಡಿ.

ಅಕ್ಷರ ಕಂಡರೆ ಸುಣ್ಣ ಬಳಿಯಬೇಡಿ, ಆಸಿಡ್ ಅಂತೂ ಬೇಡವೇ ಬೇಡ. ಬೆಳಗಿನ ಓರೆ ಬಿಸಿಲಲ್ಲಿ, ಇಲ್ಲವೇ ರಾತ್ರಿ ಪಕ್ಕದಿಂದ ಟಾರ್ಚ್ ಹಿಡಿದು ಫೋಟೋ ತೆಗೆಯಿರಿ. ಆಮೇಲೆ ಹಂಪಿ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿರುವ ಕೊಪ್ಪಳ ಜಿಲ್ಲೆಯ ಶಾಸನ ಸಂಪುಟದಲ್ಲಿ ನಿಮ್ಮೂರ ಹೆಸರು ಹುಡುಕಿ.

ಕಾಗದಪತ್ರ ಬೇಕಾದರೆ, ಕೊಪ್ಪಳ, ರಾಯಚೂರು 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಹಳೇ ದಾಖಲೆ ಹುಡುಕಬೇಕಾದ್ದು ಆ ಕಡೆ, ಉರ್ದು ಓದುವವರನ್ನು ಜೊತೆಗೆ ಕರ್ಕೊಂಡು. ಬಳ್ಳಾರಿ ಸೀಮೆಯಾಗಿದ್ದರೆ 1953ರವರೆಗೆ ಮದ್ರಾಸಿನದು, ಚೆನ್ನೈಗೇ ಹೋಗಬೇಕಿತ್ತು.