ಹಳೆಯ ಕೌಬಾಯ್ ಚಿತ್ರಗಳಲ್ಲಿ ಮೂಲನಿವಾಸಿಗಳ ಪಾತ್ರವನ್ನೆಲ್ಲ ಬಿಳಿಯರೇ ಮಾಡುತ್ತಿದ್ದರೇ?

ಮೂಕಿ ಕಾಲದ ಕೌಬಾಯ್ ಚಿತ್ರಗಳಲ್ಲಿ ಅಮೆರಿಕದ ಮೂಲನಿವಾಸಿಗಳು ನಿಜವಾಗಿ ಇದ್ದರೇ, ಇದ್ದರೆ ಯಾವುದನ್ನು ನೋಡಬೇಕು ಎಂದು ಕೇಳಿದ್ದೀರಿ. ಇದ್ದರು. ಮುಖಕ್ಕೆ ಬಣ್ಣ ಬಳಿದುಕೊಂಡ ಬಿಳಿಯರೂ ಬೇಕಾದಷ್ಟಿದ್ದರು. ಆದರೆ ಕಾಲ ಕಳೆದಂತೆ ಪರಿಸ್ಥಿತಿ ಸುಧಾರಿಸುತ್ತಾ ಹೋಯಿತು ಅಂದುಕೊಂಡು ನೋಡಲು ಕೂರಬೇಡಿ. ಕೆಲವು ವಿಷಯಗಳಲ್ಲಿ ಆದದ್ದು ತಿರುಗಾಮುರುಗಾ.

ಮೊದಲು 1910ರ 'ವೈಟ್ ಫಾನ್ಸ್ ಡಿವೋಷನ್' ನೋಡಿ. ಫ್ರಾನ್ಸಿನ ಚಿತ್ರ ಕಂಪನಿ ಪಾಥೆಗೆ ಜೇಮ್ಸ್ ಯಂಗ್ ಡಿಯರ್ ನಿರ್ದೇಶಿಸಿದ ಒಂದೇ ರೀಲಿನ ಚಿತ್ರ. ಆತ ತನ್ನನ್ನು ಹೋ-ಚಂಕ್ ಎಂಬ ಮೂಲನಿವಾಸಿ ಜನಾಂಗದವನೆಂದು ಹೇಳಿಕೊಳ್ಳುತ್ತಿದ್ದ. ಈಚಿನ ಸಂಶೋಧನೆ ಡೆಲವೇರ್‌ನ ನ್ಯಾಂಟಿಕೋಕ್ ಎಂಬ ಇನ್ನೊಂದು ಮೂಲನಿವಾಸಿ ಜನಾಂಗದತ್ತ ಬೊಟ್ಟು ಮಾಡುತ್ತದೆ. ಕಥೆ ಇಷ್ಟೇ: ಬಿಳಿ ಗಂಡನಿಗೆ ದೂರದಲ್ಲಿ ಆಸ್ತಿ ಬಂದಿರುವ ಸುದ್ದಿ, ಹೋದವನು ಬರುವುದಿಲ್ಲವೆಂದು ಮೂಲನಿವಾಸಿ ಹೆಂಡತಿ ಚಾಕುವಿನಿಂದ ಇರಿದುಕೊಳ್ಳುತ್ತಾಳೆ, ಕೊಲೆಯ ಆರೋಪ ಗಂಡನ ಮೇಲೆ. ಕೊನೆಗೆ ಅವಳು ಬದುಕಿ ಬಂದು ಅವನನ್ನು ಉಳಿಸುತ್ತಾಳೆ, ಸಂಸಾರ ಉಳಿಯುತ್ತದೆ.

ಅದರ ಬೆನ್ನಿಗೇ 1914ರ 'ದ ಸ್ಕ್ವಾ ಮ್ಯಾನ್' ಹಾಕಿಕೊಳ್ಳಿ. ನಿರ್ದೇಶಕರು ಸೆಸಿಲ್ ಬಿ. ಡಿಮಿಲ್ ಮತ್ತು ಆಸ್ಕರ್ ಆಪ್ಫೆಲ್. ಇಲ್ಲೂ ಬಿಳಿ ಗಂಡ, ಮೂಲನಿವಾಸಿ ಹೆಂಡತಿ. ಆ ಪಾತ್ರದಲ್ಲಿ ಲಿಲಿಯನ್ ಸೇಂಟ್ ಸಿರ್, ಪರದೆಯ ಹೆಸರು ರೆಡ್ ವಿಂಗ್. ಹುಟ್ಟಿನಿಂದ ಹೋ-ಚಂಕ್, ಯಂಗ್ ಡಿಯರ್‌ನ ಪತ್ನಿ. ಈ ಚಿತ್ರದಲ್ಲಿ ಅವಳು ಗುಂಡು ಹಾರಿಸಿಕೊಂಡು ಸಾಯುತ್ತಾಳೆ, ನಾಯಕನ ಹಾದಿ ಸಲೀಸಾಗುತ್ತದೆ. ಪಾತ್ರಧಾರಿ ಅಸಲಿಯಾಗಿದ್ದರೂ ಕಥೆ ಯಾರ ಕೈಯಲ್ಲಿದೆ ಎಂಬುದರ ಮೇಲೆ ಎಷ್ಟು ಬದಲಾಗುತ್ತದೆ ಅಂತ ಈ ಎರಡನ್ನು ಒಟ್ಟಿಗೆ ನೋಡಿದರೆ ಸಾಕು, ತಿಳಿಯುತ್ತದೆ.

ಥಾಮಸ್ ಇನ್ಸ್ ಮಾಡಿಸಿದ 'ದ ಇನ್‌ವೇಡರ್ಸ್' (1912) ಇನ್ನೂ ವಿಚಿತ್ರ. ಗುಂಪಿನಲ್ಲಿರುವವರು ಲಕೋಟಾ ಎಂಬ ಜನಾಂಗದ ನಿಜವಾದ ಮೂಲನಿವಾಸಿಗಳು, ಮುಖಂಡನಾಗಿ ವಿಲಿಯಂ ಈಗಲ್ ಶರ್ಟ್. ಆದರೆ ಅವನ ಮಗಳ ಪಾತ್ರಕ್ಕೆ ಬಂದವಳು ಬಿಳಿ ನಟಿ ಆನ್ ಲಿಟಲ್! ಹಿಂದೆ ನಿಲ್ಲಲು ಮೂಲನಿವಾಸಿಗಳು, ಕ್ಯಾಮೆರಾ ಹತ್ತಿರ ಬಂದಾಗ ಬಿಳಿಯರು. ಹಾಗಾಗಿ ಗುಂಪು ನೋಡಿ ತೀರ್ಮಾನಕ್ಕೆ ಬರಬೇಡಿ, ಕ್ಲೋಸಪ್ ಯಾರಿಗೆ ಸಿಕ್ಕಿದೆ ನೋಡಿ.

ಪೂರ್ತಿ ಮೂಲನಿವಾಸಿ ತಾರಾಗಣ ಬೇಕಿದ್ದರೆ 'ದ ಡಾಟರ್ ಆಫ್ ಡಾನ್' (1920). ಒಕ್ಲಹೋಮದ ವಿಚಿಟಾ ಬೆಟ್ಟಗಳಲ್ಲಿ ತೆಗೆದದ್ದು, ಸುಮಾರು 300 ಕಯೋವಾ ಮತ್ತು ಕಮಾಂಚಿ ಜನ. ಕಮಾಂಚಿ ಮುಖಂಡ ಕ್ವಾನಾ ಪಾರ್ಕರ್‌ನ ಮಕ್ಕಳಿಬ್ಬರು ಮುಖ್ಯ ಪಾತ್ರಗಳಲ್ಲಿ. ನಿರ್ದೇಶಕ ಮಾತ್ರ ಬಿಳಿಯ, ನಾರ್ಬರ್ಟ್ ಮೈಲ್ಸ್. ಕರಿಯರ ಕೌಬಾಯ್ ಚಿತ್ರಗಳದು ಬೇರೆಯೇ ದಾರಿ: ರೋಡಿಯೋ, ಅಂದರೆ ಕೌಬಾಯ್‌ಗಳ ಕುದುರೆ-ದನಗಳ ಪಂದ್ಯದಲ್ಲಿ ಹೆಸರು ಮಾಡಿದ ಬಿಲ್ ಪಿಕೆಟ್‌ನ 'ದ ಬುಲ್-ಡಾಗರ್' (1922) ಕರಿಯ ಪ್ರೇಕ್ಷಕರಿಗೆಂದೇ ತಯಾರಾಗಿತ್ತು, ಈಗ ತುಣುಕುಗಳಷ್ಟೇ ಉಳಿದಿವೆ. ಮೆಕ್ಸಿಕನ್ನರನ್ನು ಖಳರನ್ನಾಗಿ ತೋರಿಸುವುದು ಮಿತಿಮೀರಿ 1922ರಲ್ಲಿ ಮೆಕ್ಸಿಕೋ ಸರ್ಕಾರ ಅಂಥ ಕಂಪನಿಗಳ ಚಿತ್ರಗಳನ್ನೇ ತಡೆಯಿತು. ಮಾರುಕಟ್ಟೆ ಕೈತಪ್ಪುತ್ತದೆ ಅಂದಾಗ ಕಂಪನಿಗಳ ಕಿವಿ ತೆರೆಯಿತು.

ನೋಡುವಾಗ ಎರಡು ಎಚ್ಚರ. 1000 ಅಡಿಯ ಒಂದು ರೀಲು ಸೆಕೆಂಡಿಗೆ 16 ಚೌಕಟ್ಟಿನಲ್ಲಿ (ಫ್ರೇಮ್) ಓಡಿದರೆ ಸುಮಾರು ಹದಿನೇಳು ನಿಮಿಷ, 24ರಲ್ಲಿ ಓಡಿದರೆ ಹನ್ನೊಂದು. ಜನ ಪುಟಪುಟನೆ ಓಡಾಡುವಂತೆ ಕಂಡರೆ ವೇಗ ತಪ್ಪಿದೆ, ಪ್ಲೇಯರ್‌ನಲ್ಲಿ 0.75ಕ್ಕೆ ಇಳಿಸಿಕೊಳ್ಳಿ, ಅಭಿನಯ ಗಂಭೀರವಾಗುತ್ತದೆ. ಎರಡನೆಯದು, 1910ರ ಹೊತ್ತಿನ ಚಿತ್ರಗಳಲ್ಲಿ ಸಾಮಾನ್ಯವಾಗಿ ನಟರ ಹೆಸರು ತೋರಿಸುತ್ತಿರಲಿಲ್ಲ. ಅಂತರ್ಜಾಲದ ತಾರಾಪಟ್ಟಿಗಳನ್ನು ಕಣ್ಣುಮುಚ್ಚಿ ನಂಬದೆ 'ಮೂವಿಂಗ್ ಪಿಕ್ಚರ್ ವರ್ಲ್ಡ್' ಪತ್ರಿಕೆಯ ಆ ವರ್ಷದ ಸಂಚಿಕೆಗಳನ್ನು ತಿರುವಿ ನೋಡಿ. ಹೆಸರಿಗೆ ಮೊದಲು 'ಚೀಫ್' ಅಥವಾ 'ಪ್ರಿನ್ಸೆಸ್' ಇದ್ದ ಮಾತ್ರಕ್ಕೆ ಅದು ಮೂಲಕ್ಕೆ ಸಾಕ್ಷಿಯಲ್ಲ, ಬಹಳ ಸಲ ಅದು ಪ್ರಚಾರ ವಿಭಾಗದ ಕೈಚಳಕ.