ಮಲೆನಾಡಿನಲ್ಲಿ ಮೊದಲ ಮಳೆಗಾಲ: ಯಾವ ಎಮರ್ಜೆನ್ಸಿ ಕಿಟ್ ಕೊಳ್ಳಬೇಕು?

ಬೆಂಗಳೂರು ಬಿಟ್ಟು ತೀರ್ಥಹಳ್ಳಿ ಕಡೆಯ ಹಳ್ಳಿಮನೆಗೆ ಬಂದಿದ್ದೀರಿ, ಇದು ಮೊದಲ ಮಳೆಗಾಲ, ಆನ್‌ಲೈನಿನಲ್ಲಿ ಸಿಗುವ ಕಿಟ್‌ಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ನಮ್ಮದೂ ಅದೇ ತಾಲ್ಲೂಕು. ಯಾವುದನ್ನೂ ಕೊಳ್ಳಬೇಡಿ. ಆ ಬ್ಯಾಗುಗಳೆಲ್ಲ ಮನೆ ಬಿಟ್ಟು ಓಡುವವರಿಗೆ. ನಮ್ಮ ಕಡೆ ಮಳೆಗಾಲದ ಕಷ್ಟ ಬೇರೆ, ಮನೆಯಲ್ಲೇ ಸಿಕ್ಕಿಹಾಕಿಕೊಳ್ಳುವುದು. ಎಲ್ಲೋ ಒಂದು ಮರ ಲೈನಿನ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ. ಪಂಪು ನಿಂತರೆ ನೀರಿಲ್ಲ. ಟವರಿನ ಬ್ಯಾಟರಿ ಮುಗಿದ ಮೇಲೆ ಫೋನಿಲ್ಲ, ಫೋನಿಲ್ಲದಿದ್ದರೆ ಯುಪಿಐ ಇಲ್ಲ. ಹಳ್ಳ ಉಕ್ಕಿ ಸಂಕ (ಹಳ್ಳದ ಕಾಲುಸೇತುವೆ) ಮುಳುಗಿದರೆ ಪೇಟೆಗೆ ದಾರಿಯೂ ಇಲ್ಲ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೂರ್ನಾಲ್ಕು ದಿನ ಕರೆಂಟಿಲ್ಲ ಅಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ.

ಹಾಗಾಗಿ ಮೊದಲು ಒಂದು ಕೆಲಸ ಮಾಡಿ. ಮೇ ತಿಂಗಳ ಯಾವುದಾದರೂ ಭಾನುವಾರ ಬೆಳಿಗ್ಗೆ ಮೇನ್ ಸ್ವಿಚ್ ಇಳಿಸಿ, ಸೋಮವಾರದವರೆಗೆ ಮುಟ್ಟಬೇಡಿ. ನಿಮ್ಮ ಮನೆಗೆ ಏನು ಬೇಕು ಅನ್ನುವುದು ಸಂಜೆಯೊಳಗೆ ಗೊತ್ತಾಗುತ್ತದೆ. ಖರ್ಚೂ ಇಲ್ಲ.

ಮೊದಲು ಕೈಕೊಡುವುದು ನೀರು. ಹೊರಗೆ ಧಾರಾಕಾರ ಸುರಿಯುತ್ತಿರುತ್ತದೆ, ನಲ್ಲಿಯಲ್ಲಿ ತೊಟ್ಟಿಲ್ಲ. ಬೋರ್‌ವೆಲ್ ಒಂದನ್ನೇ ನಂಬಿದವರ ಪಾಡು ಇದು. ಗುಡ್ಡದ ಅಬ್ಬಿಯಿಂದ (ಝರಿಯಿಂದ) ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರಿದ್ದರೆ ನೀವು ಪುಣ್ಯವಂತರು. ಬಾವಿ ಇದ್ದರೆ ರಾಟೆಗೆ ಎಣ್ಣೆ ಬಿಟ್ಟು, ಹೊಸ ಹಗ್ಗ ಹಾಕಿಡಿ. ಪಂಪು ಬಂದ ಮೇಲೆ ಎಷ್ಟೋ ಮನೆಗಳಲ್ಲಿ ರಾಟೆ ತುಕ್ಕು ಹಿಡಿದು ಕೂತಿದೆ. ಮಳೆಗೆ ಬಾವಿ, ಅಬ್ಬಿ ಎರಡೂ ಕೆಂಪಗಾಗುತ್ತವೆ. ಬಟ್ಟೆಯಲ್ಲಿ ಸೋಸಿ, ಕೊತಕೊತ ಒಂದು ನಿಮಿಷವಾದರೂ ಕುದಿಸಿ ಕುಡಿಯಿರಿ. ಆದರೂ ಭೇದಿ ಹಿಡಿದರೆ, ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಟ್ಟಸ ಚಮಚ, ಗೋಪುರವಲ್ಲ.

ಇನ್ವರ್ಟರ್ ಇದೆ, 150 ಎಎಚ್ ಬ್ಯಾಟರಿ ಅಂದಿದ್ದೀರಿ. 12 ವೋಲ್ಟಿನ ಲೆಕ್ಕದಲ್ಲಿ 1800 ವಾಟ್ ಅವರ್. ಬಳಕೆಯಾದ ಬ್ಯಾಟರಿಯಲ್ಲಿ ಕೈಗೆ ಸಿಗುವುದು ಸಾವಿರದ ಆಸುಪಾಸು ಅಂದುಕೊಳ್ಳಿ. ನಾಲ್ಕು ಬಲ್ಬು, ರೌಟರ್, ಲ್ಯಾಪ್‌ಟಾಪ್ ಸೇರಿ ನೂರು ವಾಟ್ ಎಳೆದರೆ ಹತ್ತು ಗಂಟೆಗೆ ಖಲಾಸ್. ಇನ್ವರ್ಟರ್ ಸುಮ್ನೆ ಆನ್ ಇದ್ದರೂ ಒಂದಿಷ್ಟು ಕುಡಿಯುತ್ತದೆ, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಹಗಲು ಪೂರ್ತಿ ಆಫ್ ಮಾಡಿ, ಸಂಜೆ ಏಳರಿಂದ ಹನ್ನೊಂದರವರೆಗೆ 9 ವಾಟಿನ ಎರಡೇ ಬಲ್ಬು ಉರಿಸಿದರೆ ಅದೇ ಬ್ಯಾಟರಿ ಐದಾರು ದಿನ ತಳ್ಳುತ್ತದೆ. ಆಫೀಸ್ ಕೆಲಸಕ್ಕೆ ಇದನ್ನು ನಂಬಬೇಡಿ. ಜುಲೈನಲ್ಲಿ ಸಿಕ್ಕಿಹಾಕಿಕೊಳ್ಳುತ್ತೇನೆ ಅಂತ ಮ್ಯಾನೇಜರಿಗೆ ಈಗಲೇ ಹೇಳಿಡುವುದು ವಾಸಿ. ಸೋಲಾರ್ ಬಗ್ಗೆ ಯೋಚಿಸಿದ್ದರೆ, ಜುಲೈ ಕೊನೆಯ ಪುಷ್ಯ ಮಳೆಯಲ್ಲಿ ವಾರಗಟ್ಟಲೆ ಸೂರ್ಯನ ಮುಖವೇ ಕಾಣುವುದಿಲ್ಲ, ಅಷ್ಟೇ ಹೇಳುತ್ತೇನೆ.

ಒಲೆಗೆ ತುಂಬಿದ ಸಿಲಿಂಡರ್ ಇನ್ನೊಂದು ಇರಲಿ. ಸೌದೆ ಮಾತ್ರ ಜೂನ್‌ನಲ್ಲಿ ದುಡ್ಡು ಕೊಟ್ಟರೂ ಒಣಗಿದ್ದು ಸಿಗುವುದಿಲ್ಲ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಒಣಗಿ ಕೊಟ್ಟಿಗೆ ಸೇರಿರಬೇಕು. ಹೊತ್ತಿಸಲು ಅಡಿಕೆ ಹಾಳೆ, ತೆಂಗಿನ ಗರಿ, ಕರಟ ಎಲ್ಲವನ್ನೂ ಅಟ್ಟಕ್ಕೆ ಹಾಕಿ. ಚಳಿ ಅಂತ ಕೆಂಡದ ಬಾಣಲೆಯನ್ನು ಬಾಗಿಲು ಹಾಕಿದ ಕೋಣೆಯಲ್ಲಿ ಇಟ್ಟು ಮಲಗಬೇಡಿ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ.

ಊಟಕ್ಕೆ ಅಷ್ಟೇನೂ ತಲೆಕೆಡಿಸಿಕೊಳ್ಳಬೇಡಿ. ಅಕ್ಕಿ, ಬೇಳೆ, ಉಪ್ಪು, ಎಣ್ಣೆ ಸಾಕಷ್ಟಿದ್ದರೆ ಮಿಕ್ಕಿದ್ದನ್ನು ಊರೇ ಕಲಿಸುತ್ತದೆ. ಪಕ್ಕದ ಮನೆಯ ಅಟ್ಟ ಹತ್ತಿ ನೋಡಿ. ಬಣ್ಣದ ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಒಂದೊಂದಾಗಿ ಕಟ್ಟಿ ಜಂತಿಗೆ ತೂಗಿಹಾಕಿರುತ್ತಾರೆ, ಒಂದಕ್ಕೊಂದು ತಾಗದ ಹಾಗೆ. ತಾಗಿದ ಕಡೆ ಕೊಳೆ ಶುರುವಾಗುತ್ತದೆ. ಸರಿಯಾಗಿ ಕಟ್ಟಿದ್ದು ಮಳೆಗಾಲ ಕಳೆಯುವವರೆಗೂ ಸಾಂಬಾರಿಗೆ ಬರುತ್ತದೆ, ಫ್ರಿಜ್ಜೇ ಬೇಡ. ಕೆಳಗೆ ಭರಣಿಯಲ್ಲಿ ಉಪ್ಪಿಗೆ ಹಾಕಿದ ಹಲಸಿನ ಸೊಳೆ, ಮಿಡಿ ಉಪ್ಪಿನಕಾಯಿ. ಹಿತ್ತಲಲ್ಲಿ ಕೆಸುವಿನ ಎಲೆ ಬೇಕಾದಷ್ಟು. ಕಳಲೆ (ಎಳೆ ಬಿದಿರು) ಸಿಕ್ಕಿದರೆ ಮಾತ್ರ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸದೆ ತಿನ್ನಬೇಡಿ, ಹಸಿಯದರಲ್ಲಿ ವಿಷದ ಅಂಶ ಇರುತ್ತದೆ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕೈಕಾಲು ಅಲುಗಿಸದೆ ಆಸ್ಪತ್ರೆಗೆ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆ ಅಂತ ಮೇ ತಿಂಗಳಲ್ಲೇ ವಿಚಾರಿಸಿ ಬರೆದಿಡಿ. ಕಟ್ಟುಹಾವು ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚಿದರೆ ಎಷ್ಟೋ ಸಲ ನೋವೇ ತಿಳಿಯುವುದಿಲ್ಲ. ಮಂಚ, ಸೊಳ್ಳೆಪರದೆ ಎರಡೂ ಇರಲಿ.

ಇನ್ನು ನಿಜವಾಗಿ ಮನೆ ಬಿಟ್ಟು ಓಡಬೇಕಾಗುವುದು ಒಂದೇ ಕಾರಣಕ್ಕೆ: ಧರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆ. ಗುಡ್ಡ ಕಡಿದು ಸಮತಟ್ಟು ಮಾಡಿ ಕಟ್ಟಿದ ಮನೆಯಾದರೆ ಹಿಂದಿನ ಧರೆಯನ್ನು ಈಗಲೇ ಹತ್ತಿ ನೋಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜಾರಿದ್ದು ನೆನಪಿದೆ ಅಲ್ವಾ? ಮೇಲಿನಿಂದ ಬರುವ ನೀರು ಧರೆಯ ಮೇಲೆ ಹರಿಯದ ಹಾಗೆ ಚರಂಡಿ ತೆಗೆದು ಪಕ್ಕಕ್ಕೆ ತಿರುಗಿಸಿ. ನೀರಿಂಗಿಸುವ ಉತ್ಸಾಹದಲ್ಲಿ ಧರೆಯ ತಲೆ ಮೇಲೆ ಇಂಗುಗುಂಡಿ ತೋಡಬೇಡಿ. ಪೇಟೆಯಿಂದ ಬಂದವರಿಗೆ ಈ ಚಟ ಸ್ವಲ್ಪ ಜಾಸ್ತಿ. ಮೇಲೆ ನೆಲ ಬಿರುಕು ಬಿಟ್ಟರೆ, ಮರಗಳು ವಾಲಿದರೆ, ಇದ್ದಕ್ಕಿದ್ದಂತೆ ಹೊಸ ಜಲ ಒಸರಿ ಕೆಸರು ಬಂದರೆ, ನೆಟ್ಟಗಿದ್ದ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡರೆ, ಆ ರಾತ್ರಿ ಅಲ್ಲಿ ಮಲಗಬೇಡಿ.

ಅದಕ್ಕೊಂದು ಚೀಲ ಇರಲಿ, ಹಳೆ ಸ್ಕೂಲ್ ಬ್ಯಾಗ್ ಆದರೂ ಸಾಕು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆಧಾರ್, ಪಹಣಿ, ದಿನದ ಮಾತ್ರೆ, ಟಾರ್ಚು, ಚಿಲ್ಲರೆ ನೋಟು. 112, ಜಿಲ್ಲಾ ಕಂಟ್ರೋಲ್ ರೂಮಿನ 1077, ಕರೆಂಟಿನ 1912, ಜೊತೆಗೆ ಊರಿನಲ್ಲಿ ಜೀಪು ಮತ್ತು ಮರ ಕೊಯ್ಯುವ ಮಷೀನು ಇರುವವರ ನಂಬರು, ಎಲ್ಲವೂ ಕಾಗದದ ಮೇಲೆ. ಯಾರ ಮನೆಗೆ ಹೋಗುವುದು ಅಂತ ಮೊದಲೇ ಮಾತಾಡಿ, ಹಗಲು ಹೊತ್ತಿನಲ್ಲಿ ಒಮ್ಮೆ ನಡೆದು ನೋಡಿ. ದಾರಿಯಲ್ಲಿ ಹಳ್ಳ ದಾಟಬೇಕಾದರೆ ಬೇರೆ ಮನೆ ಹುಡುಕಿ.